ಹನ್ನೊಂದು ತಪ್ಪು

ಕೊಟ್ಟೂರು
12 ಜೂನ್ 2023

ಪುಣೆ ಮಹಾನಗರಕ್ಕೆ ದಯಮಾಡಿಸಿರುವ ಸ್ಟಾಫ್ ನರ್ಸ್ ಕುಮಾರಿ ಕೋಮಲಾ ಹುಲುಗಪ್ಪ ಇವರಿಗೆ, ಕೊಟ್ಟೂರು ಜಗಲಿ ಇಂಗ್ಲಿಷ್ ವಿದ್ಯಾಪೀಠದ ಕುಲಪತಿಯೂ ಗುಮಾಸ್ತನೂ ಕಸ ಗುಡಿಸುವವನೂ ಆದ ಪಾಲಾಕ್ಷಪ್ಪನ ಆಶೀರ್ವಾದ.

ನೀನು ಹೋದ ಮೇಲೆ ವಿದ್ಯಾಪೀಠದ ಬಲ ಏಳರಿಂದ ಆರಕ್ಕೆ ಇಳಿದಿದೆ. ಆ ಆರರಲ್ಲೂ ಬಟ್ಟೆ ಅಂಗಡಿ ಅಂಜಿನೇಯಲು ಬರುವುದು ಇಂಗ್ಲಿಷಿಗಲ್ಲ, ನಮ್ಮ ಮನೆಯ ಮಿರ್ಚಿ ಮಂಡಕ್ಕಿಗೆ ಎಂಬ ಗುಮಾನಿ ನನಗಿದೆ.

ನಮ್ಮ ಕರಾರು ನೆನಪಿರಲಿ. ಫೀಸು ಬೇಡ, ತಿಂಗಳಿಗೊಂದು ಕಾಗದ ಸಾಕು. ಫೋನ್ ಮಾಡಬೇಡ. ನನ್ನ ಕಿವಿಗಳು ನನಗಿಂತ ಎರಡು ವರ್ಷ ಮೊದಲೇ ನಿವೃತ್ತಿಯಾದವು, ಬೀಳ್ಕೊಡುಗೆ ಸಮಾರಂಭವನ್ನೂ ಬೇಡಲಿಲ್ಲ. ಮಾತು ಕಲಿಸುವ ಮೇಷ್ಟ್ರಿಗೆ ಮಾತೇ ಕೇಳಿಸುವುದಿಲ್ಲ ಅಂತ ಊರು ನಗುತ್ತದೆ. ನಗಲಿ. ಧೈರ್ಯ ಕಣ್ಣಿಗೆ ಕಾಣುವ ಪದಾರ್ಥ. ನೀನು ಗದ್ದ ಎತ್ತಿ, ಕಣ್ಣು ಮಿಟುಕಿಸದೆ ಮಾತಾಡಿದ ದಿನ, ಒಂದಕ್ಷರ ಕೇಳಿಸದಿದ್ದರೂ ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಕಾಗದ ಮಾತ್ರ ಕನ್ನಡದಲ್ಲೇ ಬರಿ. ನನ್ನ ಹತ್ತಿರ ನೀನು ಧೈರ್ಯ ತೋರಿಸುವ ಅಗತ್ಯವಿಲ್ಲ.

ಕಾರಣಿಕ ಪದ್ಧತಿಯನ್ನು ಮರೆಯಬೇಡ. ಮೈಲಾರದ ಜಾತ್ರೆಯಲ್ಲಿ ವರ್ಷದ ಭವಿಷ್ಯ ನುಡಿಯಲು ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. ‘ಸದ್ದಲೇ’ ಅನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿ ಹಿಡಿಯುತ್ತದೆ. ಒಂದು ವಾಕ್ಯ ಹೇಳಿ ಮೇಲಿನಿಂದ ಬಿದ್ದೇ ಬಿಡುತ್ತಾನೆ. ಅವನು ಎಂದಾದರೂ ‘ನನಗನ್ನಿಸುತ್ತದೆ’ ಅಂದದ್ದುಂಟೆ? ‘ಮಳೆ ಆಗಬಹುದು, ಖಾತ್ರಿ ಇಲ್ಲ, ಯಾವುದಕ್ಕೂ ನಮ್ಮ ದೊಡ್ಡಪ್ಪನನ್ನೂ ಒಂದು ಮಾತು ಕೇಳ್ರಿ’ ಅಂದದ್ದುಂಟೆ? ಅಂದಿದ್ದರೆ ಮರುವರ್ಷ ಬಿಲ್ಲು ಹತ್ತಿಸುವವರೇ ಇರುತ್ತಿರಲಿಲ್ಲ. ನಿನ್ನ ಕೆಲಸ ಒಂದು ವಾಕ್ಯ. ಅರ್ಥ ಹಚ್ಚುವುದು ಕೆಳಗೆ ನಿಂತವರ ಕೆಲಸ.

ಪಾಲಾಕ್ಷಪ್ಪ


ಪುಣೆ
9 ಜುಲೈ 2023

ಗುರುಗಳಿಗೆ ಕೋಮಲಾ ಮಾಡುವ ನಮಸ್ಕಾರ.

ಸಾರ್, ಜೂನ್ ತಿಂಗಳ ಕಾಗದ ಜುಲೈಗೆ ಬರೀತಿದೀನಿ, ಬೆಂಚಿನ ಮ್ಯಾಲೆ ನಿಲ್ಲಿಸಬ್ಯಾಡ್ರಿ.

ನಮ್ಮ ವಾರ್ಡಿನ್ಯಾಗ ನಲವತ್ತು ಮಂಚ. ಜೊತಿಗಿರೋ ಸಿಸ್ಟರ್‌ಗಳು ಕೇರಳದೋರು, ರೋಗಿ ಕಡೆಯೋರು ಮರಾಠಿ ಮಂದಿ. ಅವರ ಮಾತು ನನಗ ಬರಂಗಿಲ್ಲ, ನನ್ನ ಮಾತು ಅವರಿಗೆ ಬರಂಗಿಲ್ಲ, ಹಿಂಗಾಗಿ ಎಲ್ಲಾರೂ ಇಂಗ್ಲಿಷಿಗೆ ಶರಣು. ಮೊದಲನೇ ದಿನ ಒಬ್ಬೊಬ್ಬರೇ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ಮನಸ್ಸಿನ್ಯಾಗ ‘ಸದ್ದಲೇ’ ಅಂದೆ, ಗದ್ದ ಎತ್ತಿದೆ, ಒಂದೇ ವಾಕ್ಯ ಹೇಳಿ ಬಿದ್ದೆ. ಪುಣ್ಯಕ್ಕ ಹಿಂದ ಕುರ್ಚಿ ಇತ್ತು.

ಇಲ್ಲಿ ಒಂದು ಸುಖ ಐತಿ ಸಾರ್. ನಮ್ಮ ಕಡೆ ಹೆಸರು ಹೇಳಿದ್ರ ಅಪ್ಪನ ಹೆಸರು ಕೇಳ್ತಾರ, ಊರು ಕೇಳ್ತಾರ, ಆಮ್ಯಾಲೆ ಮೆಲ್ಲಕ ‘ಊರಾಗ ಯಾವ ಓಣಿ?’ ಅಂತಾರ. ಇಲ್ಲಿ ಇಂಗ್ಲಿಷ್ ನೆಟ್ಟಗ ಮಾತಾಡಿದ್ರ ಓಣಿತನಕ ಯಾರೂ ಬರಂಗಿಲ್ಲ.

ವಾರ್ಡಿನ ಉಸ್ತುವಾರಿ ನೋಡೋ ಹಿರಿ ಸಿಸ್ಟರ್ ಒಬ್ಬರು ಅದಾರ. ಮಾತಾಡೋ ಕೆಲಸ ಏನಿದ್ರೂ ನನ್ನನ್ನೇ ಮುಂದ ದೂಡ್ತಾರ. ರೋಗಿ ಮಗ ಸಿಟ್ಟಿಗೆದ್ರ ಕೋಮಲಾ ಹೋಗಬೇಕು, ಕೆಟ್ಟ ಸುದ್ದಿ ಹೇಳೋದಿದ್ರೂ ಕೋಮಲಾನೇ ಹೋಗಬೇಕು. ನಾನು ಹೇಳಿದ್ರ ಜನ ಸುಮ್ಮನಾಗ್ತಾರಂತ. ಒಂದು ಚಟ ಮಾತ್ರ ಹೋಗಿಲ್ಲ ನೋಡ್ರಿ. ಏನರ ಸಂಶಯ ಬಂತಂದ್ರ ಎರಡೆರಡು ಸಲ ಕೇಳ್ತೀನಿ. ಹಿರಿ ಸಿಸ್ಟರ್‌ಗೆ ಅದು ಬ್ಯಾಸರ.

ಕೋಮಲಾ


ಕೊಟ್ಟೂರು
18 ಆಗಸ್ಟ್ 2023

ವಾಗ್ದೇವಿಯ ಪುಣೆ ಶಾಖೆಗೆ,

ಹಿರಿಯ ಸಿಸ್ಟರ್‌ಗೆ ಬೇಸರವಾದರೆ ಅದು ಅವರ ತಪ್ಪಲ್ಲ. ಎರಡು ಸಲ ಕೇಳುವವರನ್ನು ಲೋಕ ಮೊದಲ ಸಲಕ್ಕೇ ಅಳೆದು ಮುಗಿಸಿರುತ್ತದೆ. ಆ ಚಟ ಬಿಡು.

ಇಲ್ಲಿ ಅಂಜಿನೇಯಲು ಮೊನ್ನೆ ಕಾರಣಿಕ ಪದ್ಧತಿಯನ್ನು ಅಂಗಡಿಯಲ್ಲೇ ಪ್ರಯೋಗಿಸಿದ. ಸೀರೆಯ ಬೆಲೆ ಇಳಿಸಿ ಅಂದ ಹರಪನಹಳ್ಳಿಯ ಗಿರಾಕಿಗೆ ಗದ್ದ ಎತ್ತಿ ಇಂಗ್ಲಿಷಿನಲ್ಲಿ ಆಗುವುದಿಲ್ಲ ಅಂದುಬಿಟ್ಟ. ಧೈರ್ಯ ಉಳಿಯಿತು, ಗಿರಾಕಿ ಉಳಿಯಲಿಲ್ಲ.

ನಿಮ್ಮಪ್ಪ ಹುಲುಗಪ್ಪನ ಬಸ್ಸಿನಲ್ಲಿ ಕೂಡ್ಲಿಗಿಗೆ ಹೋಗಿಬಂದೆ. ಟಿಕೆಟ್ ಹರಿಯುವುದಕ್ಕಿಂತ ಹೆಚ್ಚು ನಿನ್ನ ಸುದ್ದಿ ಹರಿಯುತ್ತಿದ್ದ. ಕೊನೆಯ ಸೀಟಿನ ಮುದುಕಿ ಟಿಕೆಟ್ಟೂ ಇಲ್ಲದೆ, ಪುಣೆಯ ಆಸ್ಪತ್ರೆಯ ಸಮಗ್ರ ಮಾಹಿತಿಯೊಂದಿಗೆ ಇಳಿದುಹೋದಳು.

ಪಾಲಾಕ್ಷಪ್ಪ


ಪುಣೆ
3 ಜನವರಿ 2024

ಸಾರ್, ನಮಸ್ಕಾರ.

ಡಿಸೆಂಬರಿನ್ಯಾಗ ಬರೀಲಿಲ್ಲ, ತಪ್ಪು ತಿಳೀಬ್ಯಾಡ್ರಿ. ಒಂದು ಸಣ್ಣ ಕೆಲಸ ಐತಿ. ಇದೇ 19ಕ್ಕೆ ಆಸ್ಪತ್ರಿಯಾಗ ಐದು ಮಂದಿ ದೊಡ್ಡೋರ ಮುಂದ ನಿಂತು ಎರಡು ನಿಮಿಷ ಇಂಗ್ಲಿಷಿನ್ಯಾಗ ಮಾತಾಡಬೇಕು. ವಾರ್ಡಿನ್ಯಾಗ ನಡೆದ ಒಂದು ಸಂಗತಿ ಹೇಳೋದು. ಒಂಥರಾ ಸ್ಪರ್ಧೆ ಅಂತ ತಿಳ್ಕೊಳ್ರಿ. ಏನು ಹೇಳಬೇಕು ಅಂತ ಬರ್ಕೊಂಡು ಇದರ ಜೊತಿ ಇಟ್ಟೀನಿ. ಫೋಟೋ ಹೊಡೆದು ಕಳಿಸೋಣ ಅಂದ್ರ ನಿಮ್ಮ ಹತ್ರ ಅಂಥಾ ಫೋನಿಲ್ಲ. ಅದಕ್ಕ ಸ್ಪೀಡ್ ಪೋಸ್ಟ್ ಮಾಡೀನಿ. ಅದೇ ಹಾಳಿ ಮ್ಯಾಲೆ ತಿದ್ದಿ ಸ್ಪೀಡ್ ಪೋಸ್ಟಿಗೇ ಹಾಕ್ರಿ.

ಮಾತಿನ್ಯಾಗ ಎಲ್ಲೂ ನಡುಕ ಇರಬಾರದು ಸಾರ್. ಒಂದು ಕಡೆನೂ ಇರಬಾರದು.

ಹದಿನಾಲ್ಕನೇ ಮಂಚದ ಅಜ್ಜ ಹೋಗಿಬಿಟ್ರು. ನನಗ ದಿನಕ್ಕೆರಡು ಮರಾಠಿ ಮಾತು ಕಲಿಸ್ತಿದ್ರು, ತಪ್ಪು ಹೇಳಿದ್ರ ಹಲ್ಲಿಲ್ಲದ ಬಾಯಿ ತೆರೆದು ನಗ್ತಿದ್ರು. ಇಲ್ಲಿ ಚಳಿ ಭಾಳ ಐತಿ. ನಿದ್ದಿ ಸರಿಯಾಗಿ ಹತ್ತವಲ್ದು.

ಅಪ್ಪನಿಗೆ ಏನೂ ಹೇಳಬ್ಯಾಡ್ರಿ, ಸುಮ್ಮನ ಬಸ್ಸಿನ ತುಂಬಾ ಸಾರ್ತಾನ.

ಕೋಮಲಾ


ಕೊಟ್ಟೂರು
9 ಜನವರಿ 2024

ಸ್ಪರ್ಧಾಳು ಕೋಮಲಾಗೆ ಕುಲಪತಿಗಳ ತುರ್ತು ಪತ್ರ.

ನಿನ್ನ ಹಾಳೆ ಬಂತು. ಕೆಂಪು ಶಾಯಿಯ ಪೆನ್ನು ಆರು ತಿಂಗಳಿಂದ ಉಪವಾಸವಿತ್ತು, ಹೊಟ್ಟೆ ತುಂಬಾ ಉಂಡಿತು. ಹನ್ನೊಂದು ತಪ್ಪು. ವ್ಯಾಕರಣದ್ದಲ್ಲ, ಅದನ್ನು ನೀನು ಮಾಡುವುದಿಲ್ಲ. ಎಲ್ಲವೂ ಎದೆಗಾರಿಕೆಯ ತಪ್ಪುಗಳು. ‘ನನಗನ್ನಿಸುತ್ತದೆ’ ನಾಲ್ಕು ಸಲ. ‘ಖಾತ್ರಿ ಇರಲಿಲ್ಲ’ ಮೂರು ಸಲ. ‘ಬಹುಶಃ’ ಎರಡು. ಇಷ್ಟು ಬಹುಶಃಗಳ ಜೊತೆ ಯಾರಾದರೂ ಬಿಲ್ಲು ಹತ್ತುತ್ತಾರೇನವ್ವಾ? ಆಮೇಲೆ, ಹಿರಿಯ ಸಿಸ್ಟರ್‌ಗೆ ಎರಡು ಸಲ ಫೋನ್ ಮಾಡಿ ಕೇಳಿದೆ, ಹಾಗೇ ಬಿಡು ಅಂದರು, ಎಂದು ಎರಡು ಕಡೆ ಬರೆದಿದ್ದೀಯ. ಅವೂ ಹೋದವು. ವೇದಿಕೆಯ ಮೇಲೆ ನಿಂತು ಇನ್ನೊಬ್ಬರ ಹೆಗಲು ಹಿಡಿಯಬಾರದು.

ಉಳಿದದ್ದು ನೋಡು, ಕಲ್ಲಿನ ಮೇಲೆ ಕೆತ್ತಬಹುದು: ‘ಮಧ್ಯಾಹ್ನ ಮೂರಕ್ಕೆ ಡ್ರಿಪ್ ಜೋರಾಗಿ ಹೋಗುತ್ತಿತ್ತು. ರೋಗಿಯ ಉಸಿರು ಭಾರವಾಯಿತು. ನಾನು ಡ್ರಿಪ್ ನಿಲ್ಲಿಸಲಿಲ್ಲ. ಆರೂವರೆಗೆ ಅವರು ತೀರಿಕೊಂಡರು.’ ಹದಿನಾಲ್ಕನೇ ಮಂಚದ ಅಜ್ಜನನ್ನೇ ಕಥೆಗೆ ಎಳೆದುಕೊಂಡಿದ್ದೀಯ, ಜಾಣೆ. ತೀರ್ಪುಗಾರರ ಕಣ್ಣು ಒದ್ದೆಯಾಗದಿದ್ದರೆ ನನ್ನ ಹೆಸರು ಬದಲಿಸು. ಹಾಳೆಯ ಕೆಳಗೆ ‘ಶಹಬ್ಬಾಸ್’ ಎಂದು ಬರೆದಿದ್ದೇನೆ. ಇಪ್ಪತ್ತು ಸಲ ಕನ್ನಡಿ ಮುಂದೆ ಹೇಳು. ಗದ್ದ ಇಳಿಯಬಾರದು.

ಪಾಲಾಕ್ಷಪ್ಪ


ಕೊಟ್ಟೂರು
21 ಫೆಬ್ರವರಿ 2024

ಕಪ್ಪು ಬಂತೋ, ಶೀಲ್ಡು ಬಂತೋ? ತಿಂಗಳಾಯಿತು, ಒಂದು ಗೆರೆಯಿಲ್ಲ. ಗೆದ್ದವರು ಮೇಷ್ಟ್ರನ್ನು ಮರೆಯುವುದು ಲೋಕರೂಢಿ, ಆದರೆ ಇಷ್ಟು ಬೇಗ ಮರೆಯಲು ಕನಿಷ್ಠ ಪಕ್ಷ ಮಂತ್ರಿಯಾಗಿರಬೇಕು. ಅಂಜಿನೇಯಲು ನಿನ್ನ ಗೆಲುವಿಗೆಂದು ತರಿಸಿದ್ದ ಪೇಡೆಯನ್ನು ಕಾದು ಕಾದು ತಾನೇ ತಿಂದ. ನಿನಗೆ ಸಂದಾಯವಾಯಿತೆಂದು ತಿಳಿ.

ಪಾಲಾಕ್ಷಪ್ಪ


ಕೊಟ್ಟೂರು
14 ಮಾರ್ಚ್ 2024

ಕೋಮಲಾ,

ನಿನ್ನೆ ಹುಲುಗಪ್ಪ ಬಂದಿದ್ದ. ಡ್ಯೂಟಿ ಬಟ್ಟೆಯಲ್ಲಿರಲಿಲ್ಲ. ಕೂತುಕೋ ಅಂದರೂ ಜಗಲಿ ಹತ್ತದೆ ಕೆಳಗೇ ನಿಂತ, ಬಹಳ ವರ್ಷಗಳ ಹಿಂದೆ ನಿಲ್ಲುತ್ತಿದ್ದ ಹಾಗೆ. ಏನೇನೋ ಹೇಳಿದ. ನನಗೆ ಕೇಳಿಸಲಿಲ್ಲ. ಕೊನೆಗೆ ಸ್ಲೇಟು ತೆಗೆದುಕೊಂಡು ಬರೆದ: ‘ಕೋಮಲಾನ ಕೆಲಸದಿಂದ ತೆಗೆದಾರ. ಒಬ್ಬ ಅಜ್ಜ ಸತ್ತಿದ್ದಕ್ಕ ತಾನೇ ಕಾರಣ ಅಂತ ಒಪ್ಪಿಕೊಂಡಾಳಂತ.’ ಒಪ್ಪಿಕೊಂಡಾಳಂತ ಎಂಬುದನ್ನು ಒರೆಸಿ ಇನ್ನೊಮ್ಮೆ ಅದನ್ನೇ ಬರೆದ.

ನಾನು ಅದು ಸ್ಪರ್ಧೆ ಎಂದು ಹೇಳಲು ಹೋದೆ. ಅವನು ಸ್ಲೇಟನ್ನು ಇನ್ನಷ್ಟು ಮುಂದೆ ಹಿಡಿದ.

19ನೇ ತಾರೀಖು ಏನಿತ್ತು ಅಲ್ಲಿ? ಇದ್ದದ್ದು ಇದ್ದ ಹಾಗೆ ಬರಿ.

ಪಾಲಾಕ್ಷಪ್ಪ


ಪುಣೆ
27 ಮಾರ್ಚ್ 2024

ಸಾರ್,

ಸ್ಪರ್ಧೆ ಅಲ್ರಿ. ವಿಚಾರಣೆ.

ಅಜ್ಜನ ಹೃದಯ ಮೊದಲೇ ದುರ್ಬಲ. ಅಂಥೋರಿಗೆ ಡ್ರಿಪ್ ಮೆಲ್ಲಕ ಬಿಡಬೇಕು. ಅವತ್ತು ನಾನು ಡ್ಯೂಟಿಗೆ ಬರೋ ಹೊತ್ತಿಗೆ ಅದು ಜೋರು ಹೋಗ್ತಿತ್ತು. ಹಿರಿ ಸಿಸ್ಟರ್ ಇಟ್ಟು ಹೋಗಿದ್ರು. ಮೂರಕ್ಕ ಅಜ್ಜನ ಉಸಿರು ಏರಿತು. ಇಂಟರ್‌ಕಾಂನ್ಯಾಗ ಸಿಸ್ಟರ್‌ನ ಕೇಳಿದೆ. ಹಂಗೇ ಬಿಡು, ಏಳಕ್ಕ ಡಾಕ್ಟರ್ ಬರ್ತಾರ ಅಂದ್ರು. ಮನಸ್ಸು ತಡೀಲಿಲ್ಲ, ಇನ್ನೊಂದ್ಸಲ ಕೇಳಿದೆ. ‘ಇಂಗ್ಲಿಷ್ ಮಾತಾಡಿದ ಕೂಡ್ಲೆ ಡಾಕ್ಟರ್ ಆದಿ ಅನ್ಕೊಂಡೀಯೇನು?’ ಅಂದ್ರು. ನಾನು ಫೋನ್ ಇಟ್ಟೆ. ನಿಲ್ಲಿಸಲಿಲ್ಲ. ಅದು ಖರೇ ಸಾರ್, ನಾನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು. ಆದ್ರ ಎರಡು ಸಲ ಕೇಳಿದ್ದೆ.

ವಿಚಾರಣೆ ಅಂದಿದ್ರ ನೀವು ಹೆದರಿ ತಿದ್ದುತ್ತಿದ್ರಿ. ನನಗ ಹೆದರಿಕಿ ಇಲ್ಲದ ಇಂಗ್ಲಿಷ್ ಬೇಕಿತ್ತು. ಅದಕ್ಕ ಸ್ಪರ್ಧೆ ಅಂದೆ.

ನೀವು ತಿದ್ದಿದ್ದನ್ನ ನಾಲ್ಕು ದಿನ ಬಾಯಿಪಾಠ ಮಾಡಿದೆ. ಸಿಸ್ಟರ್ ಮಾತಿಗೆ ಗೆರಿ ಎಳೆದಿದ್ದು ಕಣ್ಣಿಗೆ ಬಿತ್ತು. ಇಂಗ್ಲಿಷಿನ್ಯಾಗ ಹಂಗ ಹೇಳೋದು ಚಂದಲ್ಲೇನೋ ಅನ್ಕೊಂಡೆ. ಕೇಳಿದ್ರ ಆಮ್ಯಾಲೆ ಹೇಳೋಣ ಅನ್ಕೊಂಡೆ. ರೂಮಿನ್ಯಾಗ ನಿಂತಾಗ ಗದ್ದ ಇಳೀಬಾರದು ಅನ್ನೋದು ಬಿಟ್ಟು ಬ್ಯಾರೆ ಏನೂ ತಲಿಯಾಗಿರಲಿಲ್ಲ. ನಾಲ್ಕೂ ವಾಕ್ಯ ಹೇಳಿದೆ. ಯಾರೂ ಉಸಿರೆತ್ತಲಿಲ್ಲ. ಒಂದು ಗಳಿಗಿ ನನಗ ಖುಷಿ ಆತು ಸಾರ್, ಸುಳ್ಳು ಹೇಳಂಗಿಲ್ಲ.

ಅಜ್ಜನ ಮಗಳು ಗ್ವಾಡಿ ಕಡೆ ಕುಂತಿದ್ರು. ಅವರು ಒಬ್ರೇ ಬಾಯಿ ಬಿಟ್ರು. ‘ಯಾಕೆ ನಿಲ್ಲಿಸಲಿಲ್ಲ?’ ಅಂದ್ರು. ಅದಕ್ಕ ನನ್ನ ಹತ್ರ ಬಾಯಿಪಾಠ ಇರಲಿಲ್ಲ. ಸಿಸ್ಟರ್ ಕಡೆ ನೋಡಿದೆ. ಅವರು ಉಗುರು ನೋಡ್ಕೊಂಡು ಕುಂತಿದ್ರು. ಐದು ಮಂದಿಯಾಗ ನಡುವಿದ್ದೋರು, ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕ ಥ್ಯಾಂಕ್ಸ್ ಅಂತ ಹೇಳಿ ರೆಕಾರ್ಡಿಂಗ್ ಆಫ್ ಮಾಡಿಸಿದ್ರು. ಇಂಟರ್‌ಕಾಂನ್ಯಾಗ ಯಾರು ಯಾರಿಗೆ ಏನಂದ್ರು ಅನ್ನೋದು ಎಲ್ಲೂ ಉಳಿಯಂಗಿಲ್ಲ. ಆಮ್ಯಾಲೆ ಹೇಳಾಕ ಹೋದ್ರ, ಸಿಸ್ಟರ್ ನನಗ ಫೋನೇ ಬಂದಿಲ್ಲ ಅಂದ್ರು.

ಕೆಲಸ ಹೋಗಿದ್ದು ಹೋತು. ಈಗ ನಮಗ ನರ್ಸ್ ಅಂತ ರಿಜಿಸ್ಟ್ರೇಷನ್ ಕೊಡ್ತಾರಲ್ಲ, ಅವರತನಕ ದೂರು ಹೋಗೈತಿ. ಮೇ 22ಕ್ಕೆ ಕರೆದಾರ. ಅವರು ಅದನ್ನ ಕಿತ್ಕೊಂಡ್ರ ಯಾವ ಊರಾಗೂ ಒಬ್ಬ ರೋಗಿ ಕೈ ಮುಟ್ಟಾಕ ಬರಂಗಿಲ್ಲ.

ಕೋಮಲಾ


ಕೊಟ್ಟೂರು
4 ಏಪ್ರಿಲ್ 2024

ಕೋಮಲಾ,

ಈ ಕಾಗದ ಹೇಗೆ ಶುರು ಮಾಡುವುದು ಎಂದು ಎರಡು ದಿನ ಕೂತಿದ್ದೆ. ರೂಢಿಯಿಂದ ತಮಾಷೆಯೇ ಬರುತ್ತದೆ. ಹರಿದು ಹಾಕಿದೆ.

ಆ ಹಾಳೆ ನಿನ್ನ ಹತ್ತಿರ ಇದೆಯೇ? ಇದ್ದರೆ ಅದೊಂದೇ ಸಾಕ್ಷಿ. ನಿನ್ನ ಕೈಬರಹ, ಅದರ ಮೇಲೆ ನನ್ನ ಕೆಂಪು ಗೆರೆ, ಕವರಿನ ಮೇಲೆ ವಿಚಾರಣೆಗಿಂತ ಮೊದಲಿನ ಅಂಚೆ ಮುದ್ರೆ. ಸಿಸ್ಟರ್‌ಗೆ ಎರಡು ಸಲ ಕೇಳಿದೆ ಎಂದು ನೀನು ಮೊದಲೇ ಬರೆದಿದ್ದೆ, ಹೊಡೆದು ಹಾಕಿದ್ದು ಕೊಟ್ಟೂರಿನ ಒಬ್ಬ ಕಿವುಡ ಮೇಷ್ಟ್ರು. ಅದನ್ನು ಮೇಜಿನ ಮೇಲಿಡು. ನನ್ನ ಹೆಸರು ಹೇಳು. ಹುಲುಗಪ್ಪನ ಜೊತೆ ನಾನೂ ಬರುತ್ತೇನೆ. ಪ್ರಶ್ನೆ ಬರೆದುಕೊಡಿ ಎಂದು ಕೇಳುತ್ತೇನೆ.

ನಿನಗೆ ಹೇಳದ ಸಂಗತಿ ಒಂದಿದೆ. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಮಕ್ಕಳ ಮುಂದೆ ಬಿಟ್ಟರೆ, ದೊಡ್ಡವರ ಮುಂದೆ ಆ ಭಾಷೆಯಲ್ಲಿ ಒಂದು ಮಾತೂ ಆಡಿಲ್ಲ. ಶಾಲೆಯ ತನಿಖೆಗೆ ಸಾಹೇಬರು ಬರುವ ದಿನ ನನಗೆ ಜ್ವರ ಬರುತ್ತಿತ್ತು. ನಿಜವಾದ ಜ್ವರವೇ, ಮೈ ಸುಡುತ್ತಿತ್ತು. ಗದ್ದ ಎತ್ತುವ ವಿದ್ಯೆಯೆಲ್ಲ ನಾನು ಮಾಡಲಾಗದೆ ನಿಮಗೆ ಕಲಿಸಿದ್ದು.

ಇನ್ನೊಂದು ನಾಚಿಕೆ. ನೀನು ಏನು ಬರೆದಿದ್ದೆ ಎಂದು ನೆನಪು ಮಾಡಿಕೊಳ್ಳಲು ಕೂತೆ. ಹನ್ನೊಂದು ತಪ್ಪು ಎಂಬುದು ನೆನಪಿದೆ. ನಿನ್ನ ವಾಕ್ಯ ಒಂದೂ ಪೂರ್ತಿಯಾಗಿ ನೆನಪಿಗೆ ಬರುತ್ತಿಲ್ಲ.

ಪಾಲಾಕ್ಷಪ್ಪ


ಹಗರಿಬೊಮ್ಮನಹಳ್ಳಿ
29 ಮೇ 2024

ಸಾರ್,

ಊರಿಗೆ ಬಂದೀನಿ. ನಿಮ್ಮ ಮನಿ ಬಸ್ಸಿಗೆ ಒಂದು ತಾಸಿನ ದಾರಿ, ಆದ್ರೂ ಬರೀತಿದೀನಿ. ನೀವು ಇಲ್ಲಿಗೆ ಬರಬ್ಯಾಡ್ರಿ. ಪುಣೆಗೆ ಬರೋದು ಬ್ಯಾಡ ಅಂತ ಅಪ್ಪನ ಕಡಿಂದ ಹೇಳಿಸಿದ್ದಕ್ಕ ಸಿಟ್ಟಾಗಿದ್ರಂತ. ಆಗ್ರಿ.

22ಕ್ಕೆ ಹೋಗಿದ್ದೆ. ಮೂರು ಮಂದಿ ಇದ್ರು. ಮೊದಲು ಜನವರಿ ರೆಕಾರ್ಡಿಂಗ್ ಹಾಕಿದ್ರು. ನನ್ನ ದನಿ ನಾನೇ ಮೊದಲ ಸಲ ಹೊರಗಿಂದ ಕೇಳಿದೆ. ಯಾರೋ ಗಟ್ಟಿ ಹೆಂಗಸು, ಮನಸ್ಸಿನ್ಯಾಗ ಅಳುಕಿಲ್ಲದಾಕಿ ಅನಿಸ್ತು. ಆಮ್ಯಾಲೆ ಈಗ ಹೇಳು ಅಂದ್ರು. ನಾನು ಈ ಸಲ ಇದ್ದದ್ದು ಇದ್ದಂಗ ಹೇಳಾಕ ಹತ್ತಿದೆ. ನನಗನ್ನಿಸ್ತು, ಖಾತ್ರಿ ಇರಲಿಲ್ಲ, ಸಿಸ್ಟರ್‌ಗೆ ಎರಡು ಸಲ ಕೇಳಿದೆ. ಮಾತು ತೊಡರಿದ್ವು, ದನಿ ನಡುಗಿತು. ಒಂದು ಸಲ ನಡುವ ನಿಂತು ನೀರು ಕುಡಿದೆ.

ಅವರಾಗ ಹಿರಿಯೋರು ಕನ್ನಡಕ ತೆಗೆದು ಕೇಳಿದ್ರು. ಜನವರಿಯಾಗ ಸಿಸ್ಟರ್ ಇರಲಿಲ್ಲ, ಫೋನ್ ಇರಲಿಲ್ಲ, ಒಂದು ಅನುಮಾನದ ಮಾತೂ ಇರಲಿಲ್ಲ. ಅವತ್ತು ಅಷ್ಟು ನೆಟ್ಟಗ ಹೇಳಿದಾಕಿ ಇವತ್ತು ತಡವರಿಸ್ತಿದ್ದಿ. ‘ಇದನ್ನ ನಿನಗ ಯಾರು ಹೇಳಿಕೊಟ್ರು?’

ಹಾಳಿ ತೊಡಿ ಮ್ಯಾಲಿದ್ದ ಬ್ಯಾಗಿನ್ಯಾಗಿತ್ತು. ಜಿಪ್ ತೆಗೆದಿದ್ದೆ. ಒಂದು ಮೂಲಿ ಕಾಣ್ತಿತ್ತು, ನಿಮ್ಮ ಕೆಂಪು ಗೆರಿ, ಶಹಬ್ಬಾಸ್. ಅದನ್ನ ಮೇಜಿನ ಮ್ಯಾಲೆ ಇಟ್ರ, ಈಕಿ ಮಾತು ಈಕೀದಲ್ಲ, ಯಾವುದೋ ಊರಿನ ಜಗಲಿ ಮ್ಯಾಲೆ ಕುಂತೋರು ಬರೆದುಕೊಟ್ಟಿದ್ದು ಅಂತ ಎಲ್ಲಾರಿಗೂ ತಿಳೀತಿತ್ತು. ಹಿರಿ ಸಿಸ್ಟರ್ ಎದುರಿಗೇ ಕುಂತಿದ್ರು. ಯಾವ ಊರು, ಏನು ಓದೀ, ನಿಮ್ಮಪ್ಪ ಏನು ಮಾಡ್ತಾನ, ಎಲ್ಲಾ ಮೊದಲಿಂದ ಶುರುವಾಗ್ತಿತ್ತು. ಆ ವಾರ್ಡಿನ್ಯಾಗ ನನಗಂತ ಇದ್ದ ಮರ್ಯಾದಿ ಆ ಮಾತೊಂದೇ ಸಾರ್. ಅದು ನನ್ನದಲ್ಲ ಅಂತ ನನ್ನ ಕೈಯಾರೆ ತೋರಿಸಾಕ ಆಗಲಿಲ್ಲ. ನಿಮ್ಮನ್ನ ಉಳಿಸಾಕ ಹಂಗ ಮಾಡಿದೆ ಅಂತ ತಿಳ್ಕೋಬ್ಯಾಡ್ರಿ. ಆ ಹೊತ್ತಿನ್ಯಾಗ ನಿಮ್ಮ ನೆನಪೇ ಬರಲಿಲ್ಲ.

ಜಿಪ್ ಎಳೆದೆ. ಗದ್ದ ತಾನಾಗೇ ಏರಿತು.

‘ನೋಬಡಿ, ಸರ್’ ಅಂದೆ.

ಅವರು ಬರ್ಕೊಂಡ್ರು. ಪಕ್ಕದೋರು ಅವರ ಕಿವಿಯಾಗ ಏನೋ ಅಂದ್ರು, ನನಗ ಕೇಳಿಸ್ತು. ಹುಡುಗಿ ಇಂಗ್ಲಿಷ್ ಭಾಳ ಚಲೋ ಐತಿ ಅಂದ್ರು.

ನಿನ್ನೆ ಆರ್ಡರ್ ಬಂತು. ರಿಜಿಸ್ಟ್ರೇಷನ್ ರದ್ದು ಮಾಡ್ಯಾರ. ಅಪ್ಪ ಎರಡು ದಿನದಿಂದ ಡ್ಯೂಟಿಗೆ ಹೋಗಿಲ್ಲ. ಬಸ್ಸಿನ್ಯಾಗ ಮಂದಿ ನನ್ನ ಸುದ್ದಿ ಕೇಳ್ತಾರಂತ.

ಏನು ಬರೆದಿದ್ದೆ ಅನ್ನೋದು ನೆನಪಾಗವಲ್ದು ಅಂದಿದ್ರಿ. ಹಾಳಿ ಇದರ ಜೊತಿ ಇಟ್ಟೀನಿ. ಗೆರಿ ಕೆಳಗ ಅಕ್ಷರ ಎಲ್ಲಾ ಹಂಗೇ ಅದಾವ, ಓದಾಕ ಬರ್ತಾವ. ತಿರುಗಿ ಕಳಿಸಬ್ಯಾಡ್ರಿ. ಈಗ ಯಾವ ತಾರೀಖಿನ ಅವಸರನೂ ಇಲ್ಲ. ನಿಧಾನಕ ಓದ್ರಿ.

ಕೋಮಲಾ